ಪಿಟೀಲು ರಿಪೇರಿ, ಬೆಲೆ ಕಟ್ಟುವ ಕೆಲಸ ಕಲಿಯಬೇಕಾ? ಯಾವುದು ಮೊದಲು, ಯಾವುದು ಆಮೇಲೆ

ಹಳೆ ಪಿಟೀಲು ಸರಿಪಡಿಸುವುದು, ಅದರ ಬೆಲೆ ಹೇಳುವುದು, ಇದನ್ನೇ ಕಸುಬು ಮಾಡಿಕೊಳ್ಳಬೇಕು ಅಂತ ಹೊರಟವರಲ್ಲಿ ಬಹಳಷ್ಟು ಜನ ಎಡವುವುದು ಒಂದೇ ಜಾಗದಲ್ಲಿ. ಶುರು ಮಾಡುವ ಕ್ರಮವೇ ತಪ್ಪಿರುತ್ತದೆ. ಮೊದಲ ವಾರವೇ ವಾರ್ನಿಷ್ ಡಬ್ಬಿ ತೆರೆಯುತ್ತಾರೆ. ಬಿರುಕು ಕಂಡರೆ ಕೈಗೆ ಸಿಕ್ಕ ಅಂಟು ಹಾಕುತ್ತಾರೆ. ಒಳಗೆ ಅಂಟಿಸಿದ ಲೇಬಲ್ ಓದಿ ಲಕ್ಷಗಟ್ಟಲೆ ಬೆಲೆ ಹೇಳಿಬಿಡುತ್ತಾರೆ. ಈ ಮೂರೂ ಕೊನೆಗೆ ಬರಬೇಕಾದ ಕೆಲಸಗಳು.

ಇಡೀ ಕಸುಬಿಗೆ ಒಂದೇ ಸೂತ್ರ ಇಟ್ಟುಕೊಳ್ಳಿ. ಮಾಡಿದ್ದನ್ನು ವಾಪಸ್ ತೆಗೆಯಲು ಬರುವಂಥ ಕೆಲಸ ಮೊದಲು ಕಲಿಯಿರಿ, ತೆಗೆಯಲು ಬರದ ಕೆಲಸ ಆಮೇಲೆ. ತಂತಿ ಬದಲಿಸಿದ್ದು ಸರಿ ಹೋಗದಿದ್ದರೆ ಇನ್ನೊಂದು ಹಾಕಬಹುದು. ಕೆರೆದು ತೆಗೆದ ವಾರ್ನಿಷ್ ಮತ್ತೆ ಬರಲ್ಲ. ಸಹಿ ಹಾಕಿ ಕೊಟ್ಟ ಬೆಲೆಪತ್ರವೂ ಹಾಗೇ, ಕೈಬಿಟ್ಟು ಹೋದ ಮೇಲೆ ಅದನ್ನು ಯಾರು ಎಲ್ಲಿ ತೋರಿಸುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಕೆಳಗಿನ ಹಂತಗಳು ಇದೇ ಲೆಕ್ಕದಲ್ಲಿವೆ, ದಯವಿಟ್ಟು ಹಾರಿಸಬೇಡಿ.

ಹಂತ 1: ಹತಾರ ಕಡಿಮೆ ಇರಲಿ, ಹರಿತ ಜಾಸ್ತಿ ಇರಲಿ

ದುಬಾರಿ ಸೆಟ್ ಒಂದೇ ಸಲ ಕೊಳ್ಳಬೇಡಿ. ಶುರುವಿಗೆ ಬೇಕಾದ್ದು ಇಷ್ಟು: ಒಳ್ಳೆಯ ಉಕ್ಕಿನ ಎರಡು ಚಾಕು, ಎರಡು ಮೂರು ಉಳಿ, ಒಂದು ಸಣ್ಣ ಉಜ್ಜುಗೊರಡು, ನುಣುಪು ಅರಗಳು, ಸಾಣೆಕಲ್ಲು, ವರ್ನಿಯರ್ ಕ್ಯಾಲಿಪರ್, ಉಕ್ಕಿನ ಸ್ಕೇಲು, ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿ, ಎಫ್ ರಂಧ್ರದೊಳಗೆ (ಮೇಲಿನ ಹಲಗೆಯಲ್ಲಿರುವ ಎಫ್ ಆಕಾರದ ಸೀಳು) ಇಳಿಸಬಹುದಾದ ಚಿಕ್ಕ ಎಲ್‌ಇಡಿ ದೀಪ, ಸೌಂಡ್ ಪೋಸ್ಟ್ (ಒಡಲಿನೊಳಗೆ ಎರಡು ಹಲಗೆಗಳ ನಡುವೆ ನಿಲ್ಲುವ ಪುಟ್ಟ ಮರದ ಕಂಬ) ನಿಲ್ಲಿಸುವ ಎಸ್ ಆಕಾರದ ಕಡ್ಡಿ. ಜೊತೆಗೆ ತಂತಿ ಬಿಗಿ ಮಾಡುವ ಬಿರಡೆ ಕೆತ್ತುವ ಶೇಪರ್, ಅದಕ್ಕೆ ಹೊಂದುವಂತೆ ತೂತು ಕೊರೆಯುವ ರೀಮರ್. ಪಿಟೀಲಿನ ಬಿರಡೆ 30 ಮಿಲಿಮೀಟರ್ ಉದ್ದಕ್ಕೆ 1 ಮಿಲಿಮೀಟರ್ ಸಣ್ಣದಾಗುತ್ತಾ ಹೋಗುತ್ತದೆ. ಶೇಪರ್ ಮತ್ತು ರೀಮರ್ ಎರಡೂ ಈ 1:30 ಇಳಿಜಾರಿನವೇ ಆಗಿರಬೇಕು. ಬೇರೆ ಬೇರೆ ಇಳಿಜಾರಿನವು ಸೇರಿಬಿಟ್ಟರೆ ಬಿರಡೆ ಒಂದು ಬದಿ ಮಾತ್ರ ಹಿಡಿಯುತ್ತದೆ, ಶ್ರುತಿ ನಿಲ್ಲಲ್ಲ.

ಕೋಣೆಯಲ್ಲಿ ಒಂದು ತೇವಾಂಶ ಮಾಪಕ ತೂಗುಹಾಕಿ. 40ರಿಂದ 60 ಪರ್ಸೆಂಟ್ ನಡುವೆ ಇದ್ದರೆ ಮರ ನೆಮ್ಮದಿಯಾಗಿರುತ್ತದೆ. ಮಂಗಳೂರಿನ ಮಳೆಗಾಲದಲ್ಲೂ ಕಲಬುರಗಿಯ ಬೇಸಿಗೆಯಲ್ಲೂ ಒಂದೇ ರೀತಿ ಕೆಲಸ ಮಾಡಲು ಆಗಲ್ಲ, ಅದರ ವಿಷಯ ಮುಂದೆ ಮತ್ತೆ ಬರುತ್ತದೆ.

ಮೊದಲ ಒಂದೆರಡು ತಿಂಗಳು ಬರೀ ಸಾಣೆ ಹಿಡಿಯಿರಿ. ಬೇಜಾರಿನ ಕೆಲಸವೇ, ಆದರೆ ಮೊಂಡ ಚಾಕು ಹಿಡಿದವರು ಒತ್ತಡ ಹಾಕುತ್ತಾರೆ, ಒತ್ತಡ ಹಾಕಿದಾಗ ಕೈ ಜಾರುತ್ತದೆ, ಜಾರಿದ ಚಾಕು ಮೇಲಿನ ಹಲಗೆಯ ಮೇಲೇ ಹೋಗಿ ನಿಲ್ಲುತ್ತದೆ. ಸ್ಪ್ರೂಸ್ (ಮೇಲಿನ ಹಲಗೆಗೆ ಬಳಸುವ ಮೆತ್ತನೆಯ ಮರ) ತುಂಡಿನ ತುದಿಯನ್ನು ಅಡ್ಡಕ್ಕೆ ಕೊಯ್ದು ನೋಡಿ. ಕೊಯ್ದ ಮುಖ ಹೊಳೆದರೆ ಚಾಕು ಸಿದ್ಧ. ಎಳೆಗಳು ನಜ್ಜುಗುಜ್ಜಾಗಿ ಬಿಳಿ ಪುಡಿ ಕಂಡರೆ ಇನ್ನೂ ಸಾಣೆ ಬೇಕು. ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ಮೀರಜ್ ಹತ್ತಿರ. ಅಲ್ಲಿ ತಂಬೂರಿ, ಸಿತಾರ್ ಮಾಡುವವರು ಹತಾರ ಹೇಗೆ ಹಿಡಿಯುತ್ತಾರೆ ಅಂತ ಕೂತು ನೋಡಿ ಬನ್ನಿ. ವಾದ್ಯ ಬೇರೆಯಾದರೂ ಕೈಯ ಅಭ್ಯಾಸ ಒಂದೇ.

ಹಂತ 2: ಮುಟ್ಟುವ ಮೊದಲು ನೋಡಿ, ನೋಡಿದ್ದನ್ನು ಬರೆಯಿರಿ

ವಾದ್ಯ ಬಂದ ಕೂಡಲೇ ತಂತಿ ಸಡಿಲಿಸಬೇಡಿ. ಹೇಗೆ ಬಂತೋ ಹಾಗೇ ಫೋಟೋ ತೆಗೆಯಿರಿ: ಮುಂದೆ, ಹಿಂದೆ, ಎರಡು ಪಕ್ಕೆ, ಕುತ್ತಿಗೆಯ ತುದಿಯಲ್ಲಿರುವ ಸುರುಳಿಯ ಎರಡೂ ಕಡೆ, ಎಫ್ ರಂಧ್ರಗಳು ಹತ್ತಿರದಿಂದ. ಆಮೇಲೆ ದೀಪವನ್ನು ಓರೆಯಾಗಿ ಹಿಡಿದು ಮೇಲಿನ ಹಲಗೆಯ ಮೇಲೆ ನಿಧಾನವಾಗಿ ಸರಿಸಿ. ನೇರ ಬೆಳಕಲ್ಲಿ ಕಾಣದ ಬಿರುಕು, ತಗ್ಗು, ಹಳೆ ರಿಪೇರಿ ಓರೆ ಬೆಳಕಲ್ಲಿ ಕಾಣುತ್ತದೆ.

ಬೆರಳ ಗೆಣ್ಣಿನಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತಾ ಬನ್ನಿ. ಅಂಟು ಬಿಟ್ಟ ಕಡೆ ಸದ್ದು ಬೇರೆಯಾಗುತ್ತದೆ, ಸಣ್ಣಗೆ ಪಟಪಟ ಅನ್ನುತ್ತದೆ. ಕನ್ನಡಿಯಿಂದ ಒಳಗೆ ನೋಡಿ. ಮೂಲೆಗಳಲ್ಲಿ ಮರದ ಬ್ಲಾಕ್ ಇದೆಯಾ, ಬಾಸ್ ಬಾರ್ (ಮೇಲಿನ ಹಲಗೆಯ ಒಳಗೆ ದಪ್ಪ ತಂತಿಯ ಕಡೆ ಉದ್ದಕ್ಕಿರುವ ಮರದ ಪಟ್ಟಿ) ಬೇರೆ ತುಂಡಾಗಿ ಅಂಟಿಸಿದ್ದಾ ಅಥವಾ ಹಲಗೆಯಲ್ಲೇ ಕೆತ್ತಿ ಬಿಟ್ಟಿದ್ದಾ, ಹಳೆ ಬಿರುಕಿಗೆ ಒಳಗಿನಿಂದ ತುಂಡು ಕೊಟ್ಟಿದ್ದಾರಾ, ಹುಳ ಕೊರೆದ ತೂತು ಇದೆಯಾ, ಎಲ್ಲ ಬರೆದುಕೊಳ್ಳಿ.

ಅಳತೆಗಳನ್ನು ಬಾಯಿಪಾಠ ಮಾಡಿ. ಪೂರ್ತಿ ಅಳತೆಯ ಪಿಟೀಲಿನ ಒಡಲು ಸುಮಾರು 355 ಮಿಲಿಮೀಟರ್. ಮೇಲಿನ ಹಲಗೆಯ ಅಂಚಿಂದ ಎಫ್ ರಂಧ್ರದ ಒಳಗಚ್ಚಿನವರೆಗೆ 195, ಕುತ್ತಿಗೆ 130. ಅಂದರೆ 3ಕ್ಕೆ 2. ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ 328ರ ಆಸುಪಾಸು (ನಟ್ ಅಂದರೆ ಬಿರಡೆಗಳ ಕಡೆ ತಂತಿ ಕೂರುವ ಪುಟ್ಟ ಪಟ್ಟಿ, ಬ್ರಿಡ್ಜ್ ಅಂದರೆ ಒಡಲಿನ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ). ಈ ಲೆಕ್ಕ ತಪ್ಪಿದ್ದರೆ ಕುತ್ತಿಗೆ ಯಾವಾಗಲೋ ಬದಲಾಗಿರಬಹುದು, ಇಲ್ಲವೇ ಮೊದಲಿನಿಂದಲೇ ಹಾಗಿರಬಹುದು. ಯಾವುದು ಅಂತ ಆ ಕ್ಷಣದಲ್ಲಿ ತೀರ್ಮಾನಿಸಬೇಡಿ, ಸುಮ್ನೆ ಅಳತೆ ಬರೆದಿಡಿ.

ಈ ವರದಿಯ ಒಂದು ಪ್ರತಿಗೆ ಗ್ರಾಹಕರ ಸಹಿ ತೆಗೆದುಕೊಳ್ಳಿ. ಮೊದಲೇ ಇದ್ದ ಬಿರುಕು ನಿಮ್ಮ ತಲೆಗೆ ಬರದಂತೆ ಕಾಯುವುದು ಇದೊಂದೇ ಕಾಗದ.

ಹಂತ 3: ಸೆಟಪ್. ವರ್ಷವಾದರೂ ಆಗಲಿ, ಇಲ್ಲೇ ಇರಿ

ಸೆಟಪ್ ಅಂದರೆ ವಾದ್ಯವನ್ನು ನುಡಿಸಲು ಹೊಂದಿಸುವುದು: ಬಿರಡೆ, ನಟ್, ಬ್ರಿಡ್ಜ್, ಸೌಂಡ್ ಪೋಸ್ಟ್. ಈ ನಾಲ್ಕನ್ನು ಸರಿಯಾಗಿ ಮಾಡಬಲ್ಲವರು ಯಾವ ಊರಲ್ಲೂ ಬದುಕಬಹುದು. ಇವು ಯಾವುವೂ ಒಡಲಿಗೆ ಶಾಶ್ವತವಾಗಿ ಅಂಟಿಸಿದ ಭಾಗಗಳಲ್ಲ. ಬ್ರಿಡ್ಜ್, ಪೋಸ್ಟ್ ಹಾಳಾದರೆ ಹೊಸ ತುಂಡು ತೆಗೆದುಕೊಂಡು ಮತ್ತೆ ಮಾಡಬಹುದು. ಬಿರಡೆಯ ತೂತನ್ನು ಮಾತ್ರ ದೊಡ್ಡದು ಮಾಡಿದ ಮೇಲೆ ಚಿಕ್ಕದು ಮಾಡಲು ಬುಷ್ (ತೂತು ತುಂಬುವ ಮರದ ತುಂಡು) ಹಾಕಬೇಕಾಗುತ್ತದೆ, ಹಾಗಾಗಿ ರೀಮರ್ ಎರಡು ಸುತ್ತು ತಿರುಗಿಸಿ ನಿಲ್ಲಿಸಿ, ಬಿರಡೆ ಹಾಕಿ ನೋಡಿ, ಆಮೇಲೆ ಮುಂದುವರಿಯಿರಿ.

ಬ್ರಿಡ್ಜ್: ಮೊದಲು ಪಾದ, ಆಮೇಲೆ ಎತ್ತರ, ಕೊನೆಗೆ ದಪ್ಪ. ಬಹಳ ಜನ ಮೇಲಿನ ಹಲಗೆಯ ಮೇಲೆ ಮರಳು ಕಾಗದ ಇಟ್ಟು ಬ್ರಿಡ್ಜನ್ನು ಉಜ್ಜುತ್ತಾರೆ. ಬೇಗ ಮುಗಿಯುತ್ತದೆ ನಿಜ, ಪಾದದ ಅಂಚುಗಳು ಗುಂಡಾಗಿ ನಡುವೆ ಮಾತ್ರ ತಾಗುತ್ತದೆ. ಚಾಕುವಿನಿಂದಲೇ ಕೆತ್ತಿ. ಸೀಮೆಸುಣ್ಣ ಸವರಿ ಇಟ್ಟು ತೆಗೆದರೆ ಎಲ್ಲಿ ತಾಗುತ್ತಿದೆ ಅಂತ ಗುರುತು ಬೀಳುತ್ತದೆ, ಅಲ್ಲಿ ಮಾತ್ರ ಕೆರೆಯಿರಿ. ಪಾದದ ಕೆಳಗೆ ಬೆಳಕು ತೂರದಿದ್ದರೆ ಮುಗಿಯಿತು. ಫಿಂಗರ್‌ಬೋರ್ಡಿನ (ಬೆರಳು ಒತ್ತುವ ಉದ್ದನೆ ಪಟ್ಟಿ) ತುದಿಯಲ್ಲಿ ಸಣ್ಣ ತಂತಿಗೆ ಸುಮಾರು 3.5, ದಪ್ಪ ತಂತಿಗೆ 5.5 ಮಿಲಿಮೀಟರ್ ಎತ್ತರ ಪಾಶ್ಚಾತ್ಯ ವಾದನದ ಲೆಕ್ಕ. ಕರ್ನಾಟಕ ಸಂಗೀತಗಾರರು ತಂತಿಗಳನ್ನು ಸ-ಪ-ಸ-ಪ ಅಂತ ಸೇರಿಸುತ್ತಾರೆ, ಸಾಮಾನ್ಯವಾಗಿ ಶ್ರುತಿಯೂ ಕೆಳಗಿರುತ್ತದೆ, ಎಳೆತ ಕಡಿಮೆ. ಗಮಕಕ್ಕೆ ಬೆರಳು ಉದ್ದಕ್ಕೂ ಜಾರಬೇಕು. ಅದಕ್ಕೇ ಎತ್ತರ ಇಳಿಸಿ ಅಂತ ಕೇಳುತ್ತಾರೆ. ಇಳಿಸುವ ಮುನ್ನ ಅವರ ಶ್ರುತಿಗೆ ಸೇರಿಸಿ, ಅವರ ಕೈಯಲ್ಲೇ ನುಡಿಸಿ ನೋಡಿ, ಜಿ-ಡಿ-ಎ-ಇ ಶ್ರುತಿಯಲ್ಲಿ ನೋಡಿ ಇಳಿಸಿದರೆ ಅವರ ಶ್ರುತಿಯಲ್ಲಿ ತಂತಿ ಬಡಿಯುತ್ತದೆ.

ಟೇಲ್‌ಪೀಸ್ (ತಂತಿಗಳ ಕೆಳತುದಿ ಸಿಕ್ಕಿಸುವ ಭಾಗ) ಕಡೆಯ ಬ್ರಿಡ್ಜ್ ಮುಖ ಹಲಗೆಗೆ ನೆಟ್ಟಗೆ ನಿಂತಿರಬೇಕು. ಪ್ರತಿ ಸಲ ಬಿರಡೆ ತಿರುಗಿಸಿದಾಗ ತಂತಿ ಬ್ರಿಡ್ಜನ್ನು ಮುಂದಕ್ಕೆ ಎಳೆಯುತ್ತದೆ. ಮುಂದೆ ಬಾಗಿದ್ದು ಕಂಡರೆ ಅದು ಎಚ್ಚರಿಕೆಯ ಗಂಟೆ, ಹಾಗೇ ಬಿಟ್ಟರೆ ಬ್ರಿಡ್ಜ್ ಸೊಟ್ಟಗಾಗುತ್ತದೆ, ಒಂದು ದಿನ ಧಡ್ ಅಂತ ಬಿದ್ದು ಮೇಲಿನ ಹಲಗೆಯನ್ನೂ ಒಡೆಯುತ್ತದೆ. ತಂತಿ ಕೂರುವ ಕಚ್ಚಿಗೆ ಪೆನ್ಸಿಲ್ ಸೀಸ ತಿಕ್ಕಿದರೆ ಜಾರುವುದು ಸುಲಭ.

ಸೌಂಡ್ ಪೋಸ್ಟ್ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಹೊಸಬರು ಅತಿ ಹೆಚ್ಚು ಹಾಳು ಮಾಡುವುದು ಇಲ್ಲೇ.

ಇದು ಸುಮಾರು 6 ಮಿಲಿಮೀಟರ್ ದಪ್ಪದ ಸ್ಪ್ರೂಸ್ ಕಡ್ಡಿ. ಎರಡು ಹಲಗೆಗಳ ನಡುವೆ, ಸಣ್ಣ ತಂತಿಯ ಕಡೆಯ ಬ್ರಿಡ್ಜ್ ಪಾದಕ್ಕಿಂತ ಎರಡು ಮೂರು ಮಿಲಿಮೀಟರ್ ಹಿಂದೆ ನಿಲ್ಲುತ್ತದೆ. ಅಂಟು ಹಾಕುವುದಿಲ್ಲ. ಕಡ್ಡಿಯ ಎಳೆ ಮೇಲಿನ ಹಲಗೆಯ ಎಳೆಗೆ ಅಡ್ಡಲಾಗಿರಬೇಕು, ಇಲ್ಲದಿದ್ದರೆ ಗಟ್ಟಿ ಎಳೆ ಮೆತ್ತನೆಯ ಎಳೆಯೊಳಗೆ ಒತ್ತಿ ಕೂರುತ್ತದೆ. ಒಳಗಿನ ಎತ್ತರವನ್ನು ಎಫ್ ರಂಧ್ರದಿಂದ ಅಳೆದು, ಒಂದು ಕೂದಲಷ್ಟು ಉದ್ದ ಇಟ್ಟು ಕತ್ತರಿಸಿ. ಎರಡೂ ತುದಿ ಹಲಗೆಯ ಇಳಿಜಾರಿಗೆ ಹೊಂದುವಂತೆ ಓರೆಯಾಗಿರಬೇಕು. ಒಂದೇ ಎಳೆತಕ್ಕೆ ಚಾಕು ಓಡಬೇಕು, ಗರಗಸದ ಗುರುತು ಉಳಿಯಬಾರದು. ಎಸ್ ಕಡ್ಡಿಯ ಚೂಪು ತುದಿಗೆ ಪೋಸ್ಟ್ ಚುಚ್ಚಿ, ಎಫ್ ರಂಧ್ರದಿಂದ ಒಳಗಿಳಿಸಿ, ಕೆಳಗಿನ ತುದಿ ಮೊದಲು ಊರಿ, ಮೇಲಿನ ತುದಿಯನ್ನು ನಿಧಾನವಾಗಿ ಎಳೆದು ನಿಲ್ಲಿಸಿ. ಎಂಡ್ ಪಿನ್ (ಒಡಲಿನ ಕೆಳತುದಿಯ ಗೂಟ) ತೆಗೆದು ಆ ತೂತಿನಿಂದ ನೋಡಿ. ಹಿಂದಿನಿಂದ ದೀಪ ಬಿಟ್ಟಾಗ ತುದಿ ಮತ್ತು ಹಲಗೆಯ ನಡುವೆ ಒಂದು ಬದಿಯಲ್ಲಿ ಬೆಳಕಿನ ಗೆರೆ ಕಂಡರೆ ಹೊರಗೆ ತೆಗೆದು ಎದುರು ಬದಿ ಕೆತ್ತಬೇಕು. ಮತ್ತೆ ಹಾಕಿ. ಮತ್ತೆ ನೋಡಿ. ಕಲಿಯುವವರಿಗೆ ಒಂದೇ ಪೋಸ್ಟಿಗೆ ಅರ್ಧ ದಿನ ಹಿಡಿದರೆ ಅದು ಸಹಜ.

ತಂತಿ ಇಲ್ಲದಾಗ ಪೋಸ್ಟ್ ಬೀಳದಷ್ಟು ನಿಂತಿದ್ದರೆ ಸಾಕು. ಬಿಗಿಯಾಗಿ ಒತ್ತಿ ನಿಲ್ಲಿಸಿದರೆ ಸದ್ದು ಜಾಸ್ತಿ ಬರುತ್ತದೆ ಅಂದುಕೊಳ್ಳುತ್ತಾರೆ. ಕೆಲವೊಮ್ಮೆ ಕೆಲವು ದಿನ ಹಾಗನ್ನಿಸುತ್ತದೆ ಕೂಡ. ಆಮೇಲೆ ಎಫ್ ರಂಧ್ರದ ಒಂದು ರೆಕ್ಕೆ ಮೇಲೇಳುತ್ತದೆ, ಹಲಗೆ ಉಬ್ಬುತ್ತದೆ, ಬಿರುಕು ಬಿಡುತ್ತದೆ. ಎಫ್ ರಂಧ್ರದ ಅಂಚಿಗೆ ಕಬ್ಬಿಣದ ಕಡ್ಡಿ ಯಾವತ್ತೂ ತಾಗಬಾರದು. ಹಳೆ ಪಿಟೀಲುಗಳ ಎಫ್ ರಂಧ್ರದ ಅಂಚು ಜಜ್ಜಿಹೋಗಿರುವುದು ನೋಡಿರುತ್ತೀರಿ ಅಲ್ವಾ, ಅದೆಲ್ಲ ಅವಸರದಲ್ಲಿ ಪೋಸ್ಟ್ ನಿಲ್ಲಿಸಿದವರ ಕೈಗುರುತು.

ಇನ್ನೊಂದು ಮಾತು. ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಸಡಿಲಿಸಿದರೆ ಬ್ರಿಡ್ಜೂ ಬೀಳುತ್ತದೆ, ಪೋಸ್ಟೂ ಬೀಳಬಹುದು. ಪೋಸ್ಟ್ ಬಿದ್ದಿದೆ ಅಂತ ಗೊತ್ತಾದರೆ ತಂತಿ ಬಿಗಿ ಮಾಡಲೇಬೇಡಿ, ಕೆಳಗೆ ಆಧಾರವಿಲ್ಲದೆ ಮೇಲಿನ ಹಲಗೆ ಕುಸಿಯುತ್ತದೆ.

ಹಂತ 4: ಕಮಾನಿಗೆ ಕೂದಲು ಹಾಕುವುದು

ತಿಂಗಳ ಬಾಡಿಗೆ ಬರುವುದು ಇದರಿಂದ. ಪಿಟೀಲು ಜನ್ಮಕ್ಕೊಮ್ಮೆ ದೊಡ್ಡ ರಿಪೇರಿಗೆ ಬಂದರೆ, ಕಮಾನು ವರ್ಷಕ್ಕೊಮ್ಮೆ ಬರುತ್ತದೆ. ಒಂದು ಕಮಾನಿಗೆ ಸುಮಾರು 150ರಿಂದ 200 ಕುದುರೆ ಕೂದಲು. ತಲೆಯಲ್ಲಿ, ಫ್ರಾಗ್‌ನಲ್ಲಿ (ಕೈ ಹಿಡಿಯುವ ಕಡೆಯ ಜಾರುವ ತುಂಡು) ಚಿಕ್ಕ ಮರದ ಬೆಣೆಗಳು ಕೂದಲನ್ನು ಹಿಡಿದಿಡುತ್ತವೆ. ಆ ಬೆಣೆಗಳು ಅಳತೆಗೆ ಸರಿಯಾಗಿ ಕೂರಬೇಕು, ಅಂಟು ಹಾಕಿ ಕೂರಿಸಬಾರದು. ಮುಂದಿನ ಸಲ ತೆಗೆಯುವವರು ಅಂಟನ್ನು ಕೆರೆಯಲು ಹೋಗಿ ಕಮಾನಿನ ತಲೆಯನ್ನೇ ಸೀಳಿಬಿಡುತ್ತಾರೆ. ಬೆಣೆ ಅತಿ ಬಿಗಿಯಾದರೂ ತಲೆ ಸೀಳುತ್ತದೆ.

ತೇವಾಂಶ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ. ಜುಲೈನಲ್ಲಿ ಕರಾವಳಿಯಲ್ಲಿ ಅಳತೆಗೆ ಸರಿಯಾಗಿ ಕೂದಲು ಕಟ್ಟಿದ ಕಮಾನನ್ನು ಏಪ್ರಿಲ್‌ನಲ್ಲಿ ರಾಯಚೂರಿಗೆ ಒಯ್ದರೆ ಸ್ಕ್ರೂ ಪೂರ್ತಿ ಬಿಟ್ಟರೂ ಸಡಿಲವಾಗಲ್ಲ, ಕಡ್ಡಿ ಹಾಗೇ ಎಳೆತದಲ್ಲಿ ಇದ್ದು ಬಾಗಿಹೋಗುತ್ತದೆ. ಆದ್ದರಿಂದ ಕೂದಲು ಕಟ್ಟುವ ಮೊದಲು ಈ ಕಮಾನು ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಕೇಳಿ.

ಹಂತ 5: ಅಂಟು ಮತ್ತು ಬಿರುಕು

ಪಿಟೀಲಿಗೆ ಹಾಕುವುದು ಪ್ರಾಣಿಗಳ ಚರ್ಮದಿಂದ ಮಾಡಿದ ಹೈಡ್ ಗ್ಲೂ. ತಣ್ಣೀರಲ್ಲಿ ನೆನೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಸುಮಾರು 60 ಡಿಗ್ರಿಗೆ ಬಿಸಿ ಮಾಡಬೇಕು. ಕುದಿಸಿದರೆ ಅದರ ಹಿಡಿತ ಹೋಗುತ್ತದೆ. ಕೆಟ್ಟ ವಾಸನೆ ಬಂದರೆ, ಬೂಸ್ಟು ಕಂಡರೆ ಎಸೆಯಿರಿ.

ಫೆವಿಕಾಲ್‌ನಂಥ ಬಿಳಿ ಅಂಟು, ಅರಾಲ್ಡೈಟ್‌ನಂಥ ಎಪಾಕ್ಸಿ, ಸೂಪರ್ ಗ್ಲೂ ಯಾಕೆ ಬೇಡ? ಅವು ಮರಕ್ಕಿಂತ ಗಟ್ಟಿ ಹಿಡಿಯುತ್ತವೆ ಅನ್ನುವುದೇ ತೊಂದರೆ. ಹವೆ ಒಣಗಿದಾಗ ಹಲಗೆ ಕುಗ್ಗುತ್ತದೆ. ಅಂಚಿನಲ್ಲಿ ಹೈಡ್ ಗ್ಲೂ ಇದ್ದರೆ ಜೋಡಣೆ ಬಿಟ್ಟುಕೊಂಡು ಹಲಗೆ ಉಳಿಯುತ್ತದೆ, ಮತ್ತೆ ಅಂಟಿಸಿದರೆ ಆಯಿತು. ಅಲ್ಲಿ ಎಪಾಕ್ಸಿ ಇದ್ದರೆ ಜೋಡಣೆ ಬಿಡಲ್ಲ, ಹಲಗೆಯೇ ಉದ್ದಕ್ಕೆ ಸೀಳುತ್ತದೆ. ಮುಂದೆ ಒಡಲು ತೆರೆಯಬೇಕಾದಾಗ ಹೈಡ್ ಗ್ಲೂ ಬಿಸಿ ಮತ್ತು ತೇವಕ್ಕೆ ಬಿಡುತ್ತದೆ. ಮೇಲಿನ ಹಲಗೆಯ ಸುತ್ತ ಅಂಟನ್ನು ಬೇಕಂತಲೇ ತೆಳ್ಳಗೆ ಹಾಕುವುದೂ ಇದಕ್ಕೇ.

ಬಿರುಕು ಅಂಟಿಸುವ ಕ್ರಮ: ಮೊದಲು ತಂತಿ ಸಡಿಲಿಸಿ, ಬಿರುಕು ಎಲ್ಲಿಂದ ಎಲ್ಲಿಗೆ ಅಂತ ಗುರುತಿಸಿ, ಸ್ವಚ್ಛ ಮಾಡಿ. ಬೆರಳಿಂದ ಸವರಬೇಡಿ, ಚರ್ಮದ ಎಣ್ಣೆ ಒಳಗೆ ಇಳಿದರೆ ಅಂಟು ಹಿಡಿಯಲ್ಲ. ಆಮೇಲೆ ಅಂಟಿಲ್ಲದೆ ಎಲ್ಲ ಕ್ಲಾಂಪುಗಳನ್ನೂ ಹಾಕಿ ಒಂದು ತಾಲೀಮು. ಈ ಅಂಟು ಒಂದೆರಡು ನಿಮಿಷದೊಳಗೆ ಗಟ್ಟಿಯಾಗತೊಡಗುತ್ತದೆ, ಹುಡುಕಾಡಲು ಸಮಯ ಇರಲ್ಲ. ಎರಡೂ ಬದಿ ಒಂದೇ ಮಟ್ಟಕ್ಕೆ ಬಂದಿದೆಯಾ ಅಂತ ಉಗುರು ಅಡ್ಡ ಓಡಿಸಿ ನೋಡಿ. ಉಗುರು ತಡೆದರೆ ಕ್ಲಾಂಪು ಬಿಚ್ಚಿ ಸರಿ ಮಾಡಿ. ಮೇಲಿನ ಹಲಗೆಯ ಉದ್ದ ಬಿರುಕಿಗೆ ಒಳಗಿನಿಂದ ಚಿಕ್ಕ ಸ್ಪ್ರೂಸ್ ತುಂಡುಗಳನ್ನು ಬಿರುಕಿಗೆ ಅಡ್ಡಲಾಗಿ ಅಂಟಿಸಬೇಕು, ಅದಕ್ಕೆ ಒಡಲು ತೆರೆಯಬೇಕು.

ಒಡಲು ತೆರೆಯುವುದನ್ನು ಒಬ್ಬರೇ ಕಲಿಯಬೇಡಿ. ವಿಡಿಯೋ ನೋಡಿ ಕಲಿಯಲು ಆಗದ ಕೆಲಸ ಇದು. ಚಾಕು ಅಂಟಿನ ಗೆರೆಯಲ್ಲಿ ಹೋಗುತ್ತಿದೆಯಾ ಮರದೊಳಗೆ ಹೋಗುತ್ತಿದೆಯಾ ಅನ್ನುವುದು ಬೆರಳಿಗೂ ಕಿವಿಗೂ ಗೊತ್ತಾಗಬೇಕು, ಪಕ್ಕದಲ್ಲಿ ಕೂತವರು "ನಿಲ್ಲಿಸಿ" ಅನ್ನಬೇಕು. ಅದೇ ಮಾತು ಹಿಂದಿನ ಹಲಗೆಯಲ್ಲಿ ಪೋಸ್ಟ್ ನಿಂತ ಜಾಗದ ಬಿರುಕಿಗೂ. ಬೆಲೆಯಿರುವ ವಾದ್ಯದಲ್ಲಿ ಆ ಒಂದು ಬಿರುಕು ಬೆಲೆಯನ್ನು ಅರ್ಧಕ್ಕೆ ಇಳಿಸಬಹುದು. ಕೈ ಹಾಕಬೇಡಿ, ಗೊತ್ತಿರುವವರಿಗೆ ಕಳಿಸಿ.

ಹಂತ 6: ವಾರ್ನಿಷ್ ಬಗ್ಗೆ ಚಿಕ್ಕದಾಗಿ

ಮುಟ್ಟಬೇಡಿ. ಒಣ ಮೆತ್ತನೆ ಬಟ್ಟೆಯಲ್ಲಿ ರಾಳದ ಪುಡಿ ಒರೆಸಿ, ಕೊಳೆ ಇದ್ದರೆ ಬಟ್ಟೆಗೆ ತೇವ ತಾಗಿದೆ ಅನ್ನುವಷ್ಟು ಮಾತ್ರ ನೀರು. ಸ್ಪಿರಿಟ್, ಥಿನ್ನರ್, ಪೀಠೋಪಕರಣದ ಪಾಲಿಶ್ ಯಾವುದೂ ಬೇಡ. ಬಣ್ಣ ಹೋದ ಜಾಗಕ್ಕೆ ಮಾತ್ರ, ಹೋದಷ್ಟೇ ಜಾಗಕ್ಕೆ, ಮುಂದೆ ತೆಗೆಯಲು ಬರುವಂಥ ಬಣ್ಣ ಹಚ್ಚುವುದು ಕೆಲಸ. "ಹೊಸದರ ಹಾಗೆ ಮಾಡಿಕೊಡಿ" ಅಂತ ಮನೆಯವರು ಕೇಳಿದರೆ, ಮಾಡಿದರೆ ವಾದ್ಯದ ಬೆಲೆ ಬೀಳುತ್ತದೆ ಅಂತ ಸಮಾಧಾನವಾಗಿ ಹೇಳಿ. ಬಹಳ ಜನ ಒಪ್ಪುತ್ತಾರೆ.

ಇದೇ ನಿಯಮ ಇಲ್ಲಿಯ ವಾದ್ಯಗಳಿಗೂ. ಟಿ. ಚೌಡಯ್ಯನವರು ನುಡಿಸುತ್ತಿದ್ದಂಥ ಏಳು ತಂತಿಯ ಪಿಟೀಲು ನಿಮ್ಮ ಮೇಜಿಗೆ ಬಂದರೆ ಹೆಚ್ಚುವರಿ ತೂತುಗಳನ್ನು ಮುಚ್ಚಿ ನಾಲ್ಕು ತಂತಿಗೆ ಇಳಿಸುವ ಯೋಚನೆ ಮಾಡಬೇಡಿ. ಮಾಲೀಕರು ಕೇಳಿದರೂ ಬೇಡ ಅನ್ನಿ. ಆ ತೂತುಗಳೂ ವಾದ್ಯದ ಭಾಗವೇ.

ಹಂತ 7: ಗುರು, ಶಾಲೆ, ಅಥವಾ ಎರಡೂ

ಇಷ್ಟು ಕೈಗೆ ಬಂದ ಮೇಲೆ ಮುಂದಿನ ಪಾಠ ಬೇಕು. ಇಟಲಿಯ ಕ್ರೆಮೋನಾದಲ್ಲಿ 1938ರಲ್ಲಿ ಶುರುವಾದ ಪಿಟೀಲು ತಯಾರಿಕೆಯ ಶಾಲೆ, ಜರ್ಮನಿಯ ಮಿಟೆನ್‌ವಾಲ್ಡ್‌ನಲ್ಲಿ 1858ರದ್ದು, ಇಂಗ್ಲೆಂಡಿನ ನ್ಯೂವಾರ್ಕ್‌ನಲ್ಲಿ 1972ರದ್ದು, ಅಮೆರಿಕದ ಶಿಕಾಗೋ ಮತ್ತು ಬೋಸ್ಟನ್‌ನಲ್ಲಿರುವ ಶಾಲೆಗಳು ಹೆಸರಾಂತವು. ಮೂರು ವರ್ಷಕ್ಕೆ ಕಡಿಮೆಯಿಲ್ಲ ಅಂತಲೇ ಲೆಕ್ಕ ಹಾಕಿ. ಶುಲ್ಕಕ್ಕಿಂತ ಅಲ್ಲಿ ಬದುಕುವ ಖರ್ಚು ದೊಡ್ಡದು, ಕ್ರೆಮೋನಾಕ್ಕೆ ಹೋಗುವವರು ಇಟಾಲಿಯನ್ ಕಲಿಯಲೇಬೇಕು.

ಒಂದು ತಪ್ಪು ಕಲ್ಪನೆ ಇದೆ. ಈ ಶಾಲೆಗಳಲ್ಲಿ ಮುಖ್ಯವಾಗಿ ಕಲಿಸುವುದು ಹೊಸ ವಾದ್ಯ ಮಾಡುವುದನ್ನು. ರಿಪೇರಿ ಸ್ವಲ್ಪ ಇರುತ್ತದೆ. ಬೆಲೆ ಕಟ್ಟುವುದನ್ನು ಯಾವ ಶಾಲೆಯ ಸರ್ಟಿಫಿಕೇಟೂ ಕೊಡಿಸಲ್ಲ. ಅದು ಬರುವುದು ಶಾಲೆ ಮುಗಿಸಿದ ಮೇಲೆ, ಒಳ್ಳೆಯ ವಾದ್ಯಗಳು ಹಾದುಹೋಗುವ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತಾಗ. ಹಾಗಾಗಿ ಶಾಲೆ ಆರಿಸುವಾಗಲೇ ಅಲ್ಲಿಂದ ಹೊರಬಂದವರು ಯಾವ ಅಂಗಡಿಗಳಲ್ಲಿ ಕೆಲಸಕ್ಕೆ ಸೇರಿದ್ದಾರೆ ಅಂತ ವಿಚಾರಿಸಿ.

ಹೊರದೇಶ ಆಗದ ಮಾತು ಅನ್ನುವವರು ಇಲ್ಲೇ ಒಬ್ಬ ರಿಪೇರಿಯವರ ಕೈಕೆಳಗೆ ಸೇರಿ, ಸೆಟಪ್ ಮತ್ತು ಕಮಾನಿನ ಕೆಲಸದಲ್ಲಿ ನಿಲ್ಲಿ. ಅದು ಕೀಳು ಅಲ್ಲ. ಮೈಸೂರು, ಬೆಂಗಳೂರಿನಂಥ ಊರುಗಳಲ್ಲಿ ಪಿಟೀಲು ಕಲಿಯುವ ಮಕ್ಕಳೇ ಎಷ್ಟು ಜನ. ಅವರ ವಾದ್ಯ ಸರಿಯಾಗಿ ಕೂತರೆ ಕಲಿಕೆಯೇ ಸುಲಭವಾಗುತ್ತದೆ.

ಹಂತ 8: ವಾದ್ಯ ಯಾರದ್ದು ಅಂತ ಗುರುತಿಸುವುದು

ಲೇಬಲ್ ಕೊನೆಗೆ ಓದಿ. ನಿಜ ಹೇಳಬೇಕೆಂದರೆ, ಮೊದಲ ಸಲ ನೋಡುವಾಗ ಓದಲೇಬೇಡಿ, ಕಣ್ಣು ಅದನ್ನೇ ನಂಬಿಬಿಡುತ್ತದೆ. ಇಟಲಿಯ ಹೆಸರಾಂತ ಪಿಟೀಲು ತಯಾರಕ ಆಂಟೋನಿಯೋ ಸ್ಟ್ರಾಡಿವರಿ 1737ರಲ್ಲಿ ತೀರಿಕೊಂಡರು. ಅವರ ಕೈಯ ವಾದ್ಯಗಳಲ್ಲಿ ಇಂದು ಉಳಿದಿರುವುದು ಸುಮಾರು 650. ಆ ಹೆಸರಿನ ಲೇಬಲ್ ಅಂಟಿಸಿದ ಪಿಟೀಲುಗಳು ಜರ್ಮನಿಯ ಮಾರ್ಕ್‌ನ್ಯೂಕಿರ್ಷನ್, ಬೊಹೀಮಿಯಾದ ಶೋನ್‌ಬಾಖ್, ಫ್ರಾನ್ಸಿನ ಮಿರ್‌ಕೂರ್ ಕಡೆಯಿಂದ ಲೆಕ್ಕವಿಲ್ಲದಷ್ಟು ಬಂದಿವೆ. ಆ ಲೇಬಲ್ ಮೋಸಕ್ಕೆ ಅಂತಲೇ ಹಾಕಿದ್ದಲ್ಲ, ಯಾರ ಮಾದರಿ ಅಂತ ಹೇಳುವ ರೂಢಿ ಅದು.

ನೋಡುವ ಕ್ರಮ ಹೀಗಿರಲಿ. ದೂರದಿಂದ ಆಕಾರ, ಎಫ್ ರಂಧ್ರಗಳ ನಿಲುವು. ಆಮೇಲೆ ಸುರುಳಿ: ಕೆತ್ತಿದ ತೋಡು ಹಿಂಭಾಗದಿಂದ ಸುರುಳಿಯ ಮೇಲೆ ಸುತ್ತಿ ಬಂದು, ಮುಂದೆ ಸುರುಳಿ ಬಿರಡೆಗಳ ಪೆಟ್ಟಿಗೆಗೆ ಸೇರುವ ಜಾಗದವರೆಗೂ ಹೋಗಿದೆಯಾ, ಅರ್ಧಕ್ಕೇ ನಿಂತಿದೆಯಾ? ಅರ್ಧಕ್ಕೆ ನಿಂತದ್ದು ಹೆಚ್ಚಾಗಿ ಅಗ್ಗದ, ಅವಸರದ ಕೆಲಸ. ಅಂಚಿನ ಎರಡು ಕಪ್ಪು ಗೆರೆಗಳು ಮರದ ಪಟ್ಟಿ ಕೂರಿಸಿದ್ದಾ, ಬಣ್ಣದಲ್ಲಿ ಎಳೆದಿದ್ದಾ ಅಂತ ಭೂತಗನ್ನಡಿಯಲ್ಲಿ ನೋಡಿ. ಒಳಗೆ ಮೂಲೆ ಬ್ಲಾಕ್ ಇಲ್ಲದಿದ್ದರೆ, ಬಾಸ್ ಬಾರ್ ಹಲಗೆಯಲ್ಲೇ ಕೆತ್ತಿದ್ದರೆ, ಅದು ಕಡಿಮೆ ಬೆಲೆಗೆ ಮಾಡಿದ ವಾದ್ಯ. ಲೇಬಲ್ ಮೇಲೆ ಇಂಗ್ಲಿಷಿನಲ್ಲಿ ಜರ್ಮನಿ ಅಂತ ದೇಶದ ಹೆಸರಿದ್ದರೆ ಸಾಮಾನ್ಯವಾಗಿ 1891ರ ಆಚೆಯದ್ದು. ಆಮದಾಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕದ 1890ರ ಸುಂಕದ ಕಾನೂನು ಹೇಳಿದ್ದೇ ಕಾರಣ. ಚೆಕೊಸ್ಲೊವಾಕಿಯಾ ಅಂತಿದ್ದರೆ 1918ರ ನಂತರದ್ದು, ಆ ದೇಶ ಹುಟ್ಟಿದ್ದೇ ಆಗ.

ಯುವಿ ದೀಪದಲ್ಲಿ ನೋಡಿದರೆ ಆಮೇಲೆ ಹಚ್ಚಿದ ಬಣ್ಣದ ತೇಪೆಗಳು ಬೇರೆಯಾಗಿ ಕಾಣುತ್ತವೆ. ಅಷ್ಟಕ್ಕೇ ಅದನ್ನು ಬಳಸಿ, ವಯಸ್ಸು ಹೇಳಲು ಅಲ್ಲ.

ಮರದ ಉಂಗುರ ಎಣಿಸುವ ಪರೀಕ್ಷೆ ಬಗ್ಗೆ ಜನಕ್ಕೆ ಅತಿ ನಂಬಿಕೆ. ಅದು ಹೇಳುವುದು ಹಲಗೆಯಲ್ಲಿ ಉಳಿದ ಕೊನೆಯ ಉಂಗುರ ಬೆಳೆದ ವರ್ಷವನ್ನು. ವಾದ್ಯ ಅದಕ್ಕಿಂತ ಮೊದಲು ಆಗಿರಲು ಸಾಧ್ಯವಿಲ್ಲ, ಅಷ್ಟೇ. ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿರುವ, 1716ರಲ್ಲಿ ಸ್ಟ್ರಾಡಿವರಿ ಮಾಡಿದ್ದು ಅಂತ ಹೇಳುವ ಮೆಸೈಯಾ ಅನ್ನುವ ಪಿಟೀಲಿನ ಬಗ್ಗೆ ಅದು 19ನೇ ಶತಮಾನದ ನಕಲಿರಬಹುದಾ ಅಂತ ಅನುಮಾನ ಎದ್ದಾಗ ಈ ಪರೀಕ್ಷೆ ಮಾಡಿದರು. ಕೊನೆಯ ಉಂಗುರ 1680ರ ದಶಕದ್ದು ಅಂತ ಬಂತು. ಮರ ಸ್ಟ್ರಾಡಿವರಿಯ ಕಾಲಕ್ಕೆ ಹೊಂದುತ್ತದೆ ಅಂತ ಗೊತ್ತಾಯಿತು. ಯಾರ ಕೈ ಕೆತ್ತಿದ್ದು ಅನ್ನುವುದನ್ನು ಮರ ಹೇಳಲ್ಲ, ಅದಕ್ಕೆ ಕಣ್ಣೇ ಬೇಕು.

ಹಂತ 9: ಬೆಲೆ ಬರೆಯುವುದು

ಯಾವುದಕ್ಕೆ ಬೆಲೆ ಬೇಕು ಅಂತ ಮೊದಲು ಕೇಳಿ. ವಿಮೆಗೆ ಬೇಕಾದ್ದು, ಕಳೆದುಹೋದರೆ ಅಂಥದ್ದೇ ಇನ್ನೊಂದನ್ನು ಅಂಗಡಿಯಲ್ಲಿ ಕೊಳ್ಳಲು ತಗಲುವ ಹಣ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಲು ಬೇಕಾದ್ದು, ಇಂದು ಮಾರಿದರೆ ಕೈಗೆ ಬರುವ ಹಣ. ಹರಾಜಿನ ಅಂದಾಜು ಮೂರನೆಯದು. ಒಂದೇ ಪಿಟೀಲಿಗೆ ಈ ಮೂರೂ ಬೇರೆ ಬೇರೆ. ಉದ್ದೇಶ ಬರೆಯದೆ ಬರೀ ಸಂಖ್ಯೆ ಬರೆದ ಪತ್ರದಿಂದ ಜಗಳ ಹುಟ್ಟುತ್ತದೆ.

ಹೋಲಿಸಿ ನೋಡಲು ಟಾರಿಸಿಯೋ ಹರಾಜು ಸಂಸ್ಥೆಯವರ ಕೋಜಿಯೋ ದಾಖಲೆಯಂಥವು ಇವೆ, ತಯಾರಕರ ಹೆಸರಿನಿಂದ ಹಳೆ ಮಾರಾಟಗಳು ಸಿಗುತ್ತವೆ. ಹೋಲಿಸುವಾಗ ಸ್ಥಿತಿಯನ್ನೂ ಹೋಲಿಸಿ. ಸುರುಳಿ ಮೂಲದ್ದಾ, ಹಿಂದಿನ ಹಲಗೆಗೆ ಬಿರುಕಿದೆಯಾ, ವಾರ್ನಿಷ್ ಎಷ್ಟು ಉಳಿದಿದೆ, ನಂಬಿಕಸ್ಥ ಹಳೆ ಪ್ರಮಾಣಪತ್ರ ಇದೆಯಾ. ನಾದ ಚೆನ್ನಾಗಿದೆ ಅನ್ನುವುದಕ್ಕೆ ಹಳೆ ವಾದ್ಯಗಳ ಬೆಲೆಯಲ್ಲಿ ಬಹಳ ಕಡಿಮೆ ಜಾಗ. ನುಡಿಸುವವರಿಗೆ ಇದು ನುಂಗಲಾರದ ಮಾತು, ಆದರೆ ಮಾರುಕಟ್ಟೆ ನಡೆಯುವುದು ಹಾಗೇ.

ಪತ್ರದಲ್ಲಿ ಪದಗಳನ್ನು ತೂಗಿ ಬಳಸಿ. "ಇಂಥವರು ಮಾಡಿದ್ದು", "ಇಂಥವರದ್ದು ಎನ್ನಲಾದದ್ದು", "ಇಂಥವರ ಕಾರ್ಯಾಗಾರದ್ದು", "ಇಂಥವರ ಹೆಸರಿನ ಲೇಬಲ್ ಇರುವುದು" ಇವು ನಾಲ್ಕು ಬೇರೆ ಬೇರೆ ಮಾತುಗಳು, ನಾಲ್ಕಕ್ಕೂ ಬೇರೆ ಬೆಲೆ. ಕೊನೆಯದರ ಅರ್ಥ ಒಳಗೊಂದು ಕಾಗದ ಅಂಟಿಸಿದೆ ಅಂತ ಮಾತ್ರ. ಒ‌ಡಲಿನ ಉದ್ದವನ್ನು ಟೇಪಿನಲ್ಲಿ ಉಬ್ಬಿನ ಮೇಲೆ ಅಳೆದಿರಾ, ಕ್ಯಾಲಿಪರ್‌ನಲ್ಲಿ ನೇರ ಅಳೆದಿರಾ ಅಂತಲೂ ಬರೆಯಿರಿ. ಫೋಟೋ, ತಾರೀಖು, ಉದ್ದೇಶ, ಸಹಿ. ಗೊತ್ತಾಗದಿದ್ದರೆ "ತಯಾರಕರು ಯಾರು ಅಂತ ಹೇಳಲಾಗದು" ಅಂತ ಬರೆಯಲು ನಾಚಿಕೆ ಬೇಡ.

ಇದನ್ನು ಮಾತ್ರ ಮರೆಯಬೇಡಿ: ಬೆಲೆ ಕಟ್ಟಿದ ವಾದ್ಯವನ್ನು ನೀವೇ ಕೊಳ್ಳಬೇಡಿ, ಬೆಲೆಯ ಶೇಕಡಾ ಲೆಕ್ಕದಲ್ಲಿ ಶುಲ್ಕ ತೆಗೆದುಕೊಳ್ಳಬೇಡಿ. ನಿಗದಿತ ಶುಲ್ಕ ಇರಲಿ. ಲೋಕಪ್ರಸಿದ್ಧ ವ್ಯಾಪಾರಿಯಾಗಿದ್ದ ಡೀಟ್‌ಮಾರ್ ಮಾಕೋಲ್ಡ್ ವಂಚನೆ ಪ್ರಕರಣದಲ್ಲಿ 2012ರಲ್ಲಿ ವಿಯೆನ್ನಾದಲ್ಲಿ ಆರು ವರ್ಷ ಜೈಲು ಶಿಕ್ಷೆಗೆ ಗುರಿಯಾದರು. ಮಾರುವವರೂ ತಜ್ಞರೂ ಒಬ್ಬರೇ ಆದಾಗ ಏನಾಗುತ್ತದೆ ಅನ್ನುವುದಕ್ಕೆ ಈ ಕಸುಬಿನಲ್ಲಿ ಎಲ್ಲರೂ ಹೇಳುವ ಪ್ರಕರಣ ಅದು.

ಹಂತ 10: ಕಾನೂನು ಮತ್ತು ಅಂಗಡಿ

ಹಳೆ ಕಮಾನಿನ ತುದಿಯಲ್ಲಿ ಆನೆದಂತ, ಫ್ರಾಗ್‌ನಲ್ಲಿ ಆಮೆಚಿಪ್ಪು ಇರಬಹುದು. ಹಳೆ ಮೈಸೂರು ವೀಣೆಗಳ ಕುಸುರಿಯಲ್ಲೂ ದಂತ ಸಿಗುತ್ತದೆ. 1972ರ ವನ್ಯಜೀವಿ ಕಾಯ್ದೆಯಡಿ ದಂತದ ವ್ಯಾಪಾರ ಇಲ್ಲಿ ನಿಷಿದ್ಧ. ರಿಪೇರಿಗೆ ಮೂಳೆ ಬಳಸಿ, ದಂತವಿರುವ ವಾದ್ಯ ಮಾರಿಕೊಡುವ ಮಾತು ಕೊಡಬೇಡಿ. ಒಳ್ಳೆಯ ಕಮಾನುಗಳ ಪೆರ್ನಾಂಬುಕೊ ಮರ 2007ರಿಂದ ಸೈಟಿಸ್ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ನಿಯಮಗಳು ಆಗಾಗ ಬದಲಾಗುತ್ತವೆ. ಅಮೆರಿಕಕ್ಕೋ ಇಂಗ್ಲೆಂಡಿಗೋ ಮಗಳಿಗೆ ಕಳಿಸುತ್ತೇವೆ ಅನ್ನುವವರಿಗೆ ಆ ವರ್ಷದ ನಿಯಮ ನೋಡಿ ಅಂತ ಹೇಳಿ. ವಾದ್ಯ 100 ವರ್ಷ ದಾಟಿದ್ದರೆ 1972ರ ಪುರಾವಸ್ತು ಕಾಯ್ದೆಯೂ ಅಡ್ಡ ಬರಬಹುದು, ದೇಶದ ಹೊರಗೆ ಒಯ್ಯುವ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕಚೇರಿಯಲ್ಲಿ ವಿಚಾರಿಸಬೇಕು.

ಅಂಗಡಿಯ ವಿಷಯ. ರಿಪೇರಿ ಖರ್ಚು ವಾದ್ಯದ ಬೆಲೆಗಿಂತ ಜಾಸ್ತಿ ಆಗುತ್ತದೆ ಅನ್ನಿಸಿದರೆ ಕೆಲಸಕ್ಕೆ ಕೈ ಹಾಕುವ ಮೊದಲೇ ಹೇಳಿ. ಅಜ್ಜನ ಪಿಟೀಲು, ಎಷ್ಟಾದರೂ ಪರವಾಗಿಲ್ಲ ಅಂದರೆ ಅದನ್ನೇ ಬರೆಸಿಕೊಂಡು ಮಾಡಿ. ಒಳಗೆ ಬಂದ ಪ್ರತಿ ವಾದ್ಯಕ್ಕೂ ರಸೀದಿ, ಹೊರಗೆ ಹೋಗುವಾಗ ಏನು ಮಾಡಿದಿರಿ, ಯಾವ ಅಂಟು, ಯಾವ ತಂತಿ ಅನ್ನುವ ಚೀಟಿ. ತೆಗೆದ ಹಳೆ ಭಾಗಗಳನ್ನು, ಸವೆದ ಬಿರಡೆಯಿಂದ ಹಿಡಿದು ಮುರಿದ ಬ್ರಿಡ್ಜ್‌ವರೆಗೆ, ಕವರಿನಲ್ಲಿ ಹಾಕಿ ಮಾಲೀಕರಿಗೇ ಕೊಡಿ. ಮುಂದೆ ವಾದ್ಯ ಗುರುತಿಸುವವರಿಗೆ ಅವು ಬೇಕಾಗುತ್ತವೆ. ಬೀರುವಿಗೆ ಬೀಗ ಇರಲಿ, ನಿಮ್ಮ ಅಂಗಡಿಯ ವಿಮೆಯಲ್ಲಿ ಗ್ರಾಹಕರ ವಾದ್ಯಗಳೂ ಸೇರಿವೆಯಾ ಅಂತ ಪಾಲಿಸಿ ತೆಗೆದು ಓದಿ. ಎಷ್ಟೋ ಪಾಲಿಸಿಗಳಲ್ಲಿ ನಿಮ್ಮ ಸ್ವಂತ ಸಾಮಾನು ಮಾತ್ರ ಇರುತ್ತದೆ, ಬೇರೆಯವರದ್ದನ್ನು ಕೇಳಿ ಸೇರಿಸಬೇಕು.